ಬಾಗಿಲ ಮೇಲಿನ ಹೆಬ್ಬೆರಳು

"ಗುಂಡಾ, ನಿಜ ಹೇಳು. ನನ್ನ ಟ್ರಕ್ ಮುಟ್ಟಿದ್ದು ನೀನೇ ತಾನೆ?"

ಹತ್ತು ವರ್ಷದ ಇಂಚು ಎರಡೂ ಕೈ ಸೊಂಟದ ಮೇಲಿಟ್ಟು ತಮ್ಮನ ದಾರಿಗೆ ಅಡ್ಡ ನಿಂತಿದ್ದಳು. ಆರು ವರ್ಷದ ಗುಂಡ ಬಾಯಲ್ಲಿದ್ದ ಬಿಸ್ಕತ್ತನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಕಣ್ಣು ಕಣ್ಣು ಬಿಟ್ಟ.

"ನಾನಲ್ಲಪ್ಪ. ನಾನು ಆ ರೂಮಿಗೆ ಹೋಗೇ ಇಲ್ಲ."

"ಹಾಗಾದ್ರೆ ಬಾಗಿಲ ಮೇಲೆ ಬೆರಳು ಒತ್ತಿದ್ದು ಯಾರು? ಭೂತಾನಾ?"

ಗುಂಡ ಬಿಸ್ಕತ್ತು ನುಂಗಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಟ್ರಕ್ ಒಳಗೆ ಒಬ್ಬ ಹುಡುಗ ಕೂತಿದಾನಲ್ಲ, ಅವನೇ ಇರಬೇಕು."

"ಸುಳ್ಳು ಹೇಳಿದ್ರೆ ಕಿವಿ ಹಿಂಡ್ತೀನಿ. ಇನ್ಮೇಲೆ ಆ ರೂಮಿನ ಹೊಸಿಲು ದಾಟಬೇಡ!"

ಗುಂಡನ ಕೆಳತುಟಿ ನಡುಗಿತು. ಆದರೂ ಅವನು ಅಳಲಿಲ್ಲ. "ನಾನಲ್ಲ," ಎಂದು ಮತ್ತೊಮ್ಮೆ ಹೇಳಿ ಅಜ್ಜಿಯ ಬಳಿ ಓಡಿದ.

ಇಂಚು ಎನ್ನುವುದು ಅವಳ ನಿಜವಾದ ಹೆಸರಲ್ಲ. ಸಿಕ್ಕಿದ್ದನ್ನೆಲ್ಲ ಸ್ಕೇಲು ಹಿಡಿದು ಅಳೆಯುವ ಮಗಳಿಗೆ ಅಪ್ಪ ಇಟ್ಟ ಹೆಸರು. ಬೆಕ್ಕಿನ ಬಾಲ, ಅಜ್ಜಿಯ ಮೂಗು, ಗುಂಡನ ನಾಲಿಗೆ, ಯಾವುದನ್ನೂ ಅವಳು ಬಿಟ್ಟವಳಲ್ಲ.

ಟ್ರಕ್ಕು ಸಿಕ್ಕಿದ್ದು ಅಮ್ಮ ಅಟ್ಟ ಗುಡಿಸಿದಾಗ. ಮುಚ್ಚಳದ ಚಿತ್ರ ಮಾಸಿಹೋಗಿದ್ದ ರಟ್ಟಿನ ಡಬ್ಬಿ. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳು. ಜೋಡಿಸಿದರೆ ಹಳೆಯ ಕಾಲದ ಮಿಲಿಟರಿ ಟ್ರಕ್ಕು, ನಿಜವಾದ ಟ್ರಕ್ಕಿಗಿಂತ ಮೂವತ್ತೈದು ಪಟ್ಟು ಚಿಕ್ಕದು. ಯಾರೋ ಶುರುಮಾಡಿ ಅರ್ಧಕ್ಕೇ ಬಿಟ್ಟಿದ್ದರು. ಮುಂದಿನ ಕ್ಯಾಬಿನ್ ಅಂಟಿಸಿ, ಮೇಲಿನ ಚಾವಣಿಯನ್ನೂ ಮುಚ್ಚಿಯಾಗಿತ್ತು. ಗಾಜಿನೊಳಗೆ ಕಣ್ಣಿಟ್ಟು ನೋಡಿದರೆ, ಸ್ಟೇರಿಂಗ್ ಹಿಡಿದು ಕುಳಿತ ಪುಟ್ಟ ಡ್ರೈವರ್ ಕಾಣುತ್ತಿದ್ದ. ಅವನ ಅಂಗಿಗೆ ಮಾತ್ರ ಬಣ್ಣ ಹಚ್ಚಿದ್ದರು. ಮುಖ ಬೂದು. ಕಣ್ಣಿಲ್ಲ.

ಡಬ್ಬಿ ತೆರೆದ ದಿನ ಅಪ್ಪ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ಮೇಜಿನ ಕಡೆ ನೋಡಿ ಹಾಗೇ ನಿಂತುಬಿಟ್ಟರು.

"ಅದರಲ್ಲಿ ಸ್ಟೆಪ್ನಿ ಇರಲ್ಲ. ಹುಡುಕಬೇಡ," ಎಂದಷ್ಟೇ ಹೇಳಿ ಒಳಗೆ ಹೋದರು.

ಇಂಚು ತುಂಡುಗಳನ್ನೆಲ್ಲ ಎಣಿಸಿದಳು. ಆರು ಚಕ್ರ ಇದ್ದವು. ಏಳನೆಯ ಸ್ಟೆಪ್ನಿ ಚಕ್ರ ನಿಜಕ್ಕೂ ಇರಲಿಲ್ಲ. ಅಪ್ಪ ಮೆಕ್ಯಾನಿಕ್ ಅಲ್ಲವೇ, ಗೊತ್ತಾಗುತ್ತೆ ಎಂದುಕೊಂಡು ಅವಳು ಅದನ್ನು ಮರೆತಳು.

ಬಣ್ಣದ ಕೆಲಸ ಕಲಿಸಿದ್ದು ಮೇಲಿನ ಮನೆಯ ಆಂಟಿ. ಅವರಿಗೆ ಮ್ಯೂಸಿಯಂನಲ್ಲಿ ಕೆಲಸ. ಅಲ್ಲಿಯ ಗಾಜಿನ ಪೆಟ್ಟಿಗೆಗಳೊಳಗಿನ ಪುಟ್ಟ ರೈಲು, ಪುಟ್ಟ ಸೇತುವೆ, ಪುಟ್ಟ ಮರಗಳನ್ನೆಲ್ಲ ಮಾಡುವವರು, ಮುರಿದರೆ ಅಂಟಿಸುವವರು ಅವರೇ. ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಗೋಂದಿನ ಸಿಪ್ಪೆ. ಅದಕ್ಕೇ ಮಕ್ಕಳೆಲ್ಲ ಗೋಂದಾಂಟಿ ಎನ್ನುತ್ತಿದ್ದರು. ಅವರೂ ಓಗೊಡುತ್ತಿದ್ದರು.

"ಹೊಸ ಟ್ರಕ್ ಯಾರು ಬೇಕಾದ್ರೂ ಮಾಡ್ತಾರೆ ಕಣೆ," ಎಂದಿದ್ದರು ಗೋಂದಾಂಟಿ. "ಹಳೇದು ಮಾಡೋದು ಕಷ್ಟ. ಬ್ರಶ್ ಎತ್ತೋ ಮೊದಲು ಕೇಳ್ಕೋಬೇಕು. ಇದನ್ನ ಯಾರು ಮುಟ್ಟಿದ್ರು? ಎಲ್ಲಿ ಕಾಲಿಟ್ಟು ಹತ್ತಿದ್ರು? ಕೈ ಬೀಳೋ ಕಡೆ ಬಣ್ಣ ಸವೆಯುತ್ತೆ. ನೀರು ನಿಲ್ಲೋ ಕಡೆ ತುಕ್ಕು ಬರುತ್ತೆ. ಸುಮ್ನೆ ಕಂಡಕಂಡಲ್ಲಿ ಕೆಸರು ಬಳಿದ್ರೆ ಅದು ಹಳೇ ಟ್ರಕ್ ಆಗಲ್ಲ, ಕೊಳಕು ಟ್ರಕ್ ಆಗುತ್ತೆ."

ಭಾನುವಾರ ಮ್ಯೂಸಿಯಂನಲ್ಲಿ ಮಕ್ಕಳ ಮಾಡೆಲ್ ಸ್ಪರ್ಧೆ. ಮೊದಲ ಬಹುಮಾನ ಬಂದ ಮಾಡೆಲ್ ಒಂದು ವರ್ಷ ಅಲ್ಲಿನ ಗಾಜಿನ ಪೆಟ್ಟಿಗೆಯಲ್ಲಿರುತ್ತದೆ. ಹೋದ ವರ್ಷ ಇಂಚು ಮಾಡಿದ್ದ ಜೀಪು ಎರಡು ಮಾರ್ಕ್ಸಿನಲ್ಲಿ ಸೋತಿತ್ತು. ಕಾರಣ ಒಂದು ಅಂಟಿನ ಕಲೆ. ತೀರ್ಪುಗಾರರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಬೆರಳಚ್ಚು ಕಂಡರಂತೂ ಐದು ಮಾರ್ಕ್ಸ್ ಕಟ್.

ಈಗ ನೋಡಿದರೆ ಡ್ರೈವರ್ ಬಾಗಿಲ ನಟ್ಟನಡುವೆ ಒಂದು ಹೆಬ್ಬೆರಳಿನ ಗುರುತು!

ಅದು ಬಂದ ಬಗೆಯೇ ವಿಚಿತ್ರವಾಗಿತ್ತು. ಟ್ರಕ್ಕಿಗೆ ಹಚ್ಚಿದ್ದ ಹಸಿರು ಬಣ್ಣ ಒಣಗಿದ ಮೇಲೆ ಇಂಚು 'ವಾಶ್' ಹಾಕಿದ್ದಳು. ವಾಶ್ ಎಂದರೆ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳ್ಳಗೆ ಕಲಸಿದ್ದು. ಅದನ್ನು ಟ್ರಕ್ಕಿನ ಮೈಗೆಲ್ಲ ಬಳಿಯಬೇಕು. ಮಾರನೆಯ ದಿನ ಹತ್ತಿಕಡ್ಡಿಯಿಂದ ಒರೆಸಬೇಕು. ಮೇಲಿನ ಬಣ್ಣ ಹೋಗುತ್ತದೆ, ಸಂದುಗಳಲ್ಲಿ ಇಳಿದದ್ದು ಉಳಿಯುತ್ತದೆ. ಆಗ ಒಂದೊಂದು ಬೋಲ್ಟು, ಒಂದೊಂದು ಗೆರೆ ಎದ್ದು ಕಾಣುತ್ತದೆ.

ಸೋಮವಾರ ಶಾಲೆಯಿಂದ ಬಂದು ಅವಳು ಬಾಗಿಲನ್ನು ಒರೆಸುತ್ತಾ ಹೋದಳು. ಒರೆಸಿದಷ್ಟೂ ಗೆರೆಗಳು ಎದ್ದವು. ಬಾಗಿಲಿಗೆ ಸೇರಿದ ಗೆರೆಗಳಲ್ಲ, ಸುರುಳಿ ಸುರುಳಿ ಗೆರೆಗಳು. ಯಾರೋ ಹೊರಗಿನಿಂದ ಬಾಗಿಲನ್ನು ಒತ್ತಿ ಹಿಡಿದಂತೆ.

ಹಸಿ ಬಣ್ಣದ ಮೇಲೆ ಗುಂಡ ಕೈಯಿಟ್ಟಿದ್ದಾನೆ, ಇನ್ನೇನು! ಅಂದು ಸಂಜೆಯೇ ಅವಳು ಬಾಗಿಲಿಗೆ ಮತ್ತೆ ಹಸಿರು ಬಳಿದಳು. ಗುರುತು ಮುಚ್ಚಿಹೋಯಿತು. ಮಂಗಳವಾರ ವಾಶ್ ಹಾಕಿದಳು. ಬುಧವಾರ ಶಾಲೆಯಿಂದ ಬಂದವಳೇ ಒರೆಸಿದಳು.

ಹತ್ತಿಕಡ್ಡಿಯ ಕೆಳಗೆ ಅದೇ ಸುರುಳಿ ಮೆಲ್ಲಗೆ ಎದ್ದು ಬಂತು.

ಅದೇ ಜಾಗ. ಅದೇ ವಾರೆ. ನಡುವೆ ಓರೆಯಾಗಿ ಹಾದುಹೋದ ಒಂದು ಖಾಲಿ ಗೆರೆ, ಅದೂ ಹಾಗೇ ಇತ್ತು.

ಮನೆಯಲ್ಲಿ ಸದ್ದಿರಲಿಲ್ಲ. ಅಜ್ಜಿ ಒಳಗೆ ಮಲಗಿದ್ದರು. ಗುಂಡ ಸ್ಕೂಲ್‌ ಫ್ರೆಂಡಿನ ಮನೆಗೆ ಹೋಗಿದ್ದ. ವರಾಂಡದ ಮೂಲೆಗೆ ಹಲಗೆ ಕಟ್ಟಿ ಮಾಡಿದ ಆ ಸಣ್ಣ ರೂಮಿನಲ್ಲಿ ಫ್ಯಾನು ಮಾತ್ರ ಕಿರ್ರ್ ಕಿರ್ರ್ ಎನ್ನುತ್ತಿತ್ತು. ಇಂಚು ಸ್ಕೇಲು ತೆಗೆದಳು. ಅಳೆಯುವುದು ಅವಳ ಅಭ್ಯಾಸ. ಗುರುತಿನ ಅಗಲ ಹದಿನೈದು ಮಿಲಿಮೀಟರ್.

ಅವಳ ಹೆಬ್ಬೆರಳೂ ಹದಿನೈದು.

ದೊಡ್ಡವರ ಬೆರಳಲ್ಲ. ಗುಂಡನ ಪುಟ್ಟ ಬೆರಳೂ ಅಲ್ಲ. ಯಾರೋ ಅವಳ ಓರಗೆಯವರದು. ಆದರೆ ಈ ಮನೆಯಲ್ಲಿ ಅವಳ ವಯಸ್ಸಿನವರು ಬೇರೆ ಯಾರೂ ಇರಲಿಲ್ಲ.

ಗಾಜಿನಾಚೆ ಕಣ್ಣಿಲ್ಲದ ಡ್ರೈವರ್ ಸುಮ್ಮನೆ ಕುಳಿತಿದ್ದ. ಅವನ ಅಳತೆಗೆ ಆ ಹೆಬ್ಬೆರಳು ಅರ್ಧ ಮೀಟರಿಗಿಂತ ದೊಡ್ಡದು ಎಂದು ಇಂಚು ಲೆಕ್ಕ ಹಾಕಿದಳು. ಹಾಕಬಾರದಿತ್ತು ಅನ್ನಿಸಿತು. ಎದ್ದು ರೂಮಿನ ಬಾಗಿಲು ಎಳೆದುಕೊಂಡಳು.

ಅಂದು ಸಂಜೆ ಅವಳು ಸ್ಟ್ಯಾಂಪ್ ಪ್ಯಾಡ್ ಮತ್ತು ನೋಟ್‌ಬುಕ್ ಹಿಡಿದು ಮನೆಯೆಲ್ಲ ಸುತ್ತಿದಳು. "ಸೈನ್ಸ್ ಪ್ರಾಜೆಕ್ಟು, ಎಲ್ಲರೂ ಬಲಗೈ ಹೆಬ್ಬೆರಳು ಕೊಡಿ."

ಅಮ್ಮ ಕೊಟ್ಟರು. ಗುಂಡ ಮುಖ ಊದಿಸಿಕೊಂಡೇ ಕೊಟ್ಟ. ಅಜ್ಜಿಯ ಬೆರಳು ಎಷ್ಟು ಒತ್ತಿದರೂ ಬರೀ ಮಸಿ. ವರ್ಷಗಟ್ಟಲೆ ಪಾತ್ರೆ ತಿಕ್ಕಿ ಗೆರೆಗಳೇ ಸವೆದಿದ್ದವು.

ಕೊನೆಗೆ ಅಪ್ಪ. ಅವರು ಎಡಗೈ ಚಾಚಿದರು.

"ಬಲಗಡೇದು ಬೇಕು ಅಪ್ಪ."

"ಬಲಗಡೇದು ಸ್ಟಾಕ್ ಇಲ್ಲಮ್ಮ. ಎಡಗಡೇದು ಕೊಡ್ತೀನಿ, ಬೇಕಾದ್ರೆ ತಗೋ."

ಇಂಚುವಿಗೆ ನಗು ಬಂತು. ಅಪ್ಪನ ಬಲ ಹೆಬ್ಬೆರಳು ಮೇಲಿನ ಗೆಣ್ಣಿನವರೆಗೆ ಇರಲಿಲ್ಲ. ಅವಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ತಗಡು ಒತ್ತುವ ಮಷೀನಿಗೆ ಸಿಕ್ಕಿತ್ತಂತೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಅವರನ್ನು 'ಒಂಬತ್ತೂವರೆ' ಎಂದೇ ಕರೆಯುತ್ತಿದ್ದರು. ಅಪ್ಪನೂ ಜೊತೆಗೆ ನಗುತ್ತಿದ್ದರು. ಆದರೆ ಫೋಟೋ ತೆಗೆಯುವಾಗ ಮಾತ್ರ ಆ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಮನೆಯ ಎಲ್ಲ ಫೋಟೋಗಳಲ್ಲೂ ಅಪ್ಪನಿಗೆ ಒಂದೇ ಕೈ.

ಯಾರ ಬೆರಳೂ ಹೊಂದಲಿಲ್ಲ. ಅಮ್ಮನದು ದೊಡ್ಡದು. ಗುಂಡನದು ಚಿಕ್ಕದು. ತನ್ನದು ಅಳತೆಗೆ ಸರಿ, ಆದರೆ ಗೆರೆಗಳು ಬೇರೆ. ತಮ್ಮನನ್ನು ಸುಮ್ಮಸುಮ್ಮನೆ ಬೈದೆನಲ್ಲ ಎಂದು ಅವಳ ಮನಸ್ಸು ಚುಚ್ಚಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಗುಂಡನಲ್ಲದಿದ್ದರೆ ಮತ್ತೆ ಯಾರು?

ಗುರುವಾರ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಬಾಗಿಲಿಗೆ ಮೂರನೆಯ ಸಲ ಹಸಿರು ಬಳಿದಳು. ಸಂಜೆ ವಾಶ್ ಹಾಕಿದಳು. ಹಾಕಿದ ಮೇಲೆ ಒಂದು ಉಪಾಯ ಮಾಡಿದಳು. ಟ್ರಕ್ಕಿನ ಚಕ್ರಗಳಿಗೆ ದೂಳಿನಂತೆ ಹಚ್ಚಲು ಸೀಮೆಸುಣ್ಣ ಅರೆದ ಪುಡಿ ಇತ್ತಲ್ಲ, ಅದನ್ನು ಟ್ರಕ್ಕಿನ ಸುತ್ತ ಮೇಜಿನ ಅಂಚಿನವರೆಗೂ ತೆಳ್ಳಗೆ ಉದುರಿಸಿದಳು. ಮೇಜಿನ ಕೆಳಗೂ, ಹೊಸಿಲವರೆಗೂ. ಫ್ಯಾನು ನಿಲ್ಲಿಸಿದಳು. ಕಿಟಕಿ ಮುಚ್ಚಿದಳು. ರೂಮಿಗೆ ಬೀಗ ಹಾಕಿ ಕೀಲಿಯನ್ನು ಕಂಪಾಸ್ ಬಾಕ್ಸಿನಲ್ಲಿಟ್ಟಳು.

ಶುಕ್ರವಾರ ಶಾಲೆಯಲ್ಲಿ ಯಾವ ಪಾಠವೂ ತಲೆಗೆ ಹತ್ತಲಿಲ್ಲ.

ಮನೆಗೆ ಬಂದು ಬೀಗ ತೆಗೆದಳು. ನೆಲದ ಪುಡಿ ಹಾಗೇ ಇತ್ತು. ಮೇಜಿನ ಪುಡಿ ಹಾಗೇ ಇತ್ತು. ಒಂದು ಇರುವೆ ಕೂಡ ನಡೆದಿರಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಈ ಸಲ ಏನೂ ಇರುವುದಿಲ್ಲ. ಹತ್ತಿಕಡ್ಡಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಬಾಗಿಲನ್ನು ಒರೆಸಿದಳು.

ಒಂದು ಗೆರೆ. ಎರಡು. ಮೂರು.

ಸುರುಳಿ ಎದ್ದು ಬಂತು. ಸ್ವಲ್ಪ ಮಸುಕಾಗಿತ್ತು, ಅಷ್ಟೇ.

ಯಾರೂ ಬಂದಿಲ್ಲ. ಯಾರೂ ಮುಟ್ಟಿಲ್ಲ. ಆದರೂ ಬಾಗಿಲ ಮೇಲೆ ಬೆರಳಿದೆ. ಇಂಚು ಹತ್ತಿಕಡ್ಡಿ ಕೆಳಗಿಟ್ಟಳು. ಟ್ರಕ್ಕನ್ನು ಟವೆಲಿನಲ್ಲಿ ಸುತ್ತಿ, ಆ ಬಾಗಿಲು ತನ್ನ ಕೈಗೆ ತಾಗದಂತೆ ಹಿಡಿದು, ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು.

"ಏನೇ ಇದು, ದೆವ್ವ ಕಂಡವಳ ಹಾಗೆ ಬೆವರ್ತಾ ಇದೀಯ?" ಎಂದರು ಗೋಂದಾಂಟಿ.

ಇಂಚು ಎಲ್ಲ ಹೇಳಿದಳು. ಗೋಂದಾಂಟಿ ನಗಲಿಲ್ಲ. ಟೇಬಲ್ ಲ್ಯಾಂಪನ್ನು ಬಾಗಿಸಿ, ಬೆಳಕು ಅಡ್ಡಡ್ಡ ಬೀಳುವಂತೆ ಮಾಡಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದು ಬಣ್ಣದ ಮೇಲೆ ಇಲ್ಲ," ಎಂದರು ಕೊನೆಗೆ. "ಬಣ್ಣದ ಕೆಳಗಿದೆ."

"ಕೆಳಗೆ ಅಂದ್ರೆ?"

"ಪ್ಲಾಸ್ಟಿಕ್‌ನಲ್ಲೇ ಇದೆ. ನೋಡು, ಈ ಮಾಡೆಲ್ ಅಂಟು ಸುಮ್ನೆ ಅಂಟಿಸಲ್ಲ. ಪ್ಲಾಸ್ಟಿಕ್ಕನ್ನ ಸ್ವಲ್ಪ ಕರಗಿಸುತ್ತೆ. ಕೈಗೆ ಅಂಟು ಮೆತ್ತಿಕೊಂಡು ಒತ್ತಿದ್ರೆ, ಮೆತ್ತಗಾದ ಪ್ಲಾಸ್ಟಿಕ್ ಮೇಲೆ ಬೆರಳ ಗೆರೆ ಕೊರೆದ ಹಾಗೆ ಕೂತುಬಿಡುತ್ತೆ. ಕಣ್ಣಿಗೆ ಕಾಣಲ್ಲ. ವಾಶ್ ಹಾಕಿದಾಗ ಕಂದು ಬಣ್ಣ ಆ ಗೆರೆಗೆ ಇಳಿಯುತ್ತೆ. ನೀನು ಹೊಸಬರ ಬೆರಳು ಹುಡುಕ್ತಾ ಇದೀಯ. ಇದು ನೀನು ಹುಟ್ಟೋಕೂ ಮುಂಚಿನದು."

ಇಂಚುವಿನ ಎದೆ ಹಗುರಾಯಿತು. ಆದರೆ ಪೂರ್ತಿ ಅಲ್ಲ. "ಯಾರದ್ದು ಆಂಟಿ?"

"ಯಾರದ್ದೋ ಮಗುದು. ಅಷ್ಟು ಮಾತ್ರ ಹೇಳಬಲ್ಲೆ." ಅವರು ಡ್ರಾಯರಿನಿಂದ ಉಪ್ಪುಕಾಗದದ ಸಣ್ಣ ಚೂರು ಕೊಟ್ಟರು. "ನಯವಾದ ಕಾಗದ. ಎರಡು ನಿಮಿಷ ಉಜ್ಜಿದ್ರೆ ಹೋಗಿಬಿಡುತ್ತೆ. ಆಮೇಲೆ ಬಣ್ಣ ಹಚ್ಚಿಬಿಡು. ಭಾನುವಾರಕ್ಕೆ ಸಲೀಸು."

ಶನಿವಾರ ಮಧ್ಯಾಹ್ನ ಇಂಚು ಟ್ರಕ್ಕನ್ನು ಹಜಾರದ ಕಿಟಕಿಯ ಹತ್ತಿರ ತಂದಿಟ್ಟುಕೊಂಡಳು. ಆ ರೂಮಿನಲ್ಲಿ ಒಬ್ಬಳೇ ಕೂರಲು ಇನ್ನೂ ಮನಸ್ಸಿರಲಿಲ್ಲ. ಗುಂಡನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಸಾರಿ ಕಣೋ. ನೀನಲ್ಲ ಅಂತ ಗೊತ್ತಾಯ್ತು."

"ನಾನು ಮೊದಲೇ ಹೇಳಿದ್ನಲ್ಲ," ಎಂದ ಗುಂಡ. "ಆ ಹುಡುಗ ಅಂತ."

"ಯಾವ ಹುಡುಗಾನೂ ಇಲ್ಲ." ಅವಳು ಬಾಗಿಲಿಗೆ ಉಪ್ಪುಕಾಗದ ತಾಗಿಸಿ ಒಮ್ಮೆ ಎಳೆದಳು. ಸರ್ರ್ ಎಂದಿತು. ಸುರುಳಿಯ ಒಂದು ಅಂಚು ಅಳಿಸಿಹೋಯಿತು.

ಅಜ್ಜಿ ಗೋಡೆಗೆ ಒರಗಿ ಇಂಚುವಿನ ನೋಟ್‌ಬುಕ್ ತಿರುವುತ್ತಿದ್ದರು. "ಇದೇನೇ, ಎಲ್ಲರ ಹೆಬ್ಬೆಟ್ಟು ಒತ್ತಿಸ್ಕೊಂಡಿದೀಯ! ನಮ್ಮ ಕಾಲದಲ್ಲಿ ಬೆರಳು ನೋಡಿ ಶಂಖ ಎಷ್ಟು, ಚಕ್ರ ಎಷ್ಟು ಅಂತ ಎಣಿಸ್ತಿದ್ವಿ. ಉದ್ದಕ್ಕೆ ಬಾಗಿದ್ರೆ ಶಂಖ. ಸುರುಳಿ ಸುತ್ತಿದ್ರೆ ಚಕ್ರ. ನಿನ್ನದು ಶಂಖ, ಗುಂಡಂದೂ ಶಂಖ. ನಿಮ್ಮಪ್ಪಂಗೂ ಒಂಬತ್ತು ಶಂಖ."

"ಒಂಬತ್ತಾ?"

"ಹೂಂ. ಬಲಗೈ ಹೆಬ್ಬೆಟ್ಟಿಗೆ ಮಾತ್ರ ಚಕ್ರ ಇತ್ತು. ಅದರಲ್ಲೂ ಬ್ಲೇಡ್ ಹಿಡ್ಕೊಂಡು ಅದೇನೋ ಕತ್ತರಿಸೋಕೆ ಹೋಗಿ ಅಡ್ಡಡ್ಡ ಕುಯ್ಕೊಂಡಿದ್ದ. ನಿನ್ನಷ್ಟೇ ಇದ್ದ ಆಗ. ಗಾಯ ಮಾಯಿತು, ಗೆರೆ ಮಾಯಲಿಲ್ಲ." ಅಜ್ಜಿ ಪುಟ ಮುಚ್ಚಿದರು. "ಆಮೇಲೆ ಬೆರಳೇ ಹೋಯ್ತಲ್ಲ ಬಿಡು."

ಉಪ್ಪುಕಾಗದ ಇಂಚುವಿನ ಕೈಯಲ್ಲೇ ನಿಂತಿತು.

ಅವಳು ಬಾಗಿಲನ್ನು ಬೆಳಕಿಗೆ ಹಿಡಿದಳು. ಸುರುಳಿ ಸುತ್ತಿದ ಚಕ್ರ. ನಡುವೆ ಓರೆಯಾದ ಖಾಲಿ ಗೆರೆ. ಹದಿನೈದು ಮಿಲಿಮೀಟರ್. ಹತ್ತು ವರ್ಷದ ಹುಡುಗನ ಹೆಬ್ಬೆರಳು.

ಮನೆಯವರೆಲ್ಲರ ಬೆರಳನ್ನೂ ಕೇಳಿದ್ದಳು. ಇಲ್ಲದಿರುವ ಬೆರಳನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಅಪ್ಪ ಬಂದದ್ದು ಹೊತ್ತು ಇಳಿಯುವಾಗ. ಇಂಚು ಟ್ರಕ್ಕನ್ನು ಅವರ ಮುಂದೆ ಇಟ್ಟು, ಭೂತಗನ್ನಡಿ ಕೊಟ್ಟಳು. ಅಪ್ಪ ನೋಡಿದರು. ಮೊದಲು ಬಾಗಿಲನ್ನು. ಆಮೇಲೆ ಗಾಜಿನೊಳಗೆ. ಆಮೇಲೆ ಮತ್ತೆ ಬಾಗಿಲನ್ನು.

"ಅರೆ," ಎಂದರು ಮೆಲ್ಲಗೆ. "ಇವನು ಇನ್ನೂ ಇಲ್ಲೇ ಇದಾನಾ?"

"ನಿಂದೇನಾ ಅಪ್ಪ?"

"ನಂದೇ. ಗಡಿಬಿಡಿ ಜಾಸ್ತಿ ನಂಗೆ. ಡ್ರೈವರ್‌ಗೆ ಕಣ್ಣು ಬರೆಯೋದು ಮರೆತು ಚಾವಣಿ ಮುಚ್ಚಿಬಿಟ್ಟೆ. ಸ್ಟೆಪ್ನಿ ಮೋರಿಗೆ ಬಿತ್ತು. ಕೊನೆಗೆ ಅಂಟಿನ ಕೈಯಲ್ಲಿ ಬಾಗಿಲು ಹಿಡಿದೆ. ಪೂರ್ತಿ ಹಾಳು ಮಾಡಿಬಿಟ್ಟೆ ಅಂತ ಅತ್ತೂ ಅತ್ತೂ, ಡಬ್ಬಿ ಅಟ್ಟಕ್ಕೆ ಎಸೆದೆ. ಮತ್ತೆ ಮುಟ್ಟಲೇ ಇಲ್ಲ." ಅಪ್ಪ ನಗಲು ನೋಡಿದರು. "ಅಳಿಸಿಬಿಡಮ್ಮ. ಮಾರ್ಕ್ಸ್ ಹೋಗುತ್ತೆ."

ಹಾಗೆಂದವರು ಬಲಗೈಯನ್ನು ಮುಂದೆ ತಂದರು. ಮೊಂಡು ಬೆರಳನ್ನು ಆ ಗುರುತಿನ ಮೇಲೆ ಇಟ್ಟರು. ಬೆರಳ ತುದಿಯ ಚರ್ಮ ನುಣ್ಣಗಿತ್ತು, ಒಂದೇ ಒಂದು ಗೆರೆಯಿಲ್ಲದೆ. ಅಪ್ಪ ಅದನ್ನು ಬೇಗ ತೆಗೆಯಲಿಲ್ಲ.

ಗುಂಡ ಇಂಚುವಿನ ಕಿವಿಯಲ್ಲಿ ಪಿಸುಗುಟ್ಟಿದ: "ನಾನು ಹೇಳಿರಲಿಲ್ವಾ, ಹುಡುಗ ಇದಾನೆ ಅಂತ."

ಈ ಸಲ ಇಂಚು ಇಲ್ಲ ಎನ್ನಲಿಲ್ಲ.

ಆ ಸಂಜೆ ಅವಳು ಉಳಿದ ಕೆಲಸ ಮುಗಿಸಿದಳು. ಚಕ್ರಗಳಿಗೆ ಕೆಸರು. ಮೆಟ್ಟಿಲ ಅಂಚಿಗೆ ಬೆಳ್ಳಿ ಬಣ್ಣದ ಸಣ್ಣ ಸಣ್ಣ ಸವೆತ. ನೀರು ನಿಲ್ಲುವ ಮೂಲೆಗೆ ತುಕ್ಕು. ಡ್ರೈವರ್ ಬಾಗಿಲಿಗೆ ಬಂದಾಗ ಹಸಿರು ಡಬ್ಬಿ ತೆರೆಯಲಿಲ್ಲ. ಅತಿ ಸಣ್ಣ ಬ್ರಶ್ಶಿನಿಂದ ದೂಳಿನ ಪುಡಿ ತೆಗೆದುಕೊಂಡು, ಆ ಚಕ್ರದ ಗೆರೆಗಳೊಳಕ್ಕೆ ಇಳಿಯುವಂತೆ ನಿಧಾನವಾಗಿ ತಟ್ಟಿದಳು.

ಭಾನುವಾರ ಮ್ಯೂಸಿಯಂನಲ್ಲಿ ತೀರ್ಪುಗಾರರು ಒಂದೊಂದೇ ಮಾಡೆಲ್ ನೋಡುತ್ತಾ ಬಂದರು. ಬೆಳ್ಳಗಿನ ಕೈಗವಸು ಹಾಕಿದ್ದ ಮೇಡಂ ಟ್ರಕ್ಕಿನ ಮುಂದೆ ಬಹಳ ಹೊತ್ತು ನಿಂತರು. ತುಕ್ಕು ನೋಡಿ ತಲೆದೂಗಿದರು. ಕೆಸರು ನೋಡಿ ಪಕ್ಕದವರನ್ನು ಕರೆದು ತೋರಿಸಿದರು. ಆಮೇಲೆ ಭೂತಗನ್ನಡಿ ಬಾಗಿಲ ಮೇಲೆ ನಿಂತಿತು.

"ಎಷ್ಟು ಚೆನ್ನಾಗಿ ಮಾಡಿದೀಯ! ಆದ್ರೆ ಇಲ್ಲೊಂದು ಬೆರಳಚ್ಚು ಇದೆಯಲ್ಲ ಪುಟ್ಟಿ. ನೋಡ್ಕೊಳ್ಳಲಿಲ್ವಾ?"

"ನೋಡಿದೆ ಮೇಡಂ," ಎಂದಳು ಇಂಚು.

ಮೇಡಂ ಹುಬ್ಬೇರಿಸಿದರು. ಒಂದು ಕ್ಷಣ ಕಾದರು. ಆಮೇಲೆ ಹಾಳೆಯಲ್ಲಿ ಏನೋ ಬರೆದುಕೊಂಡು ಮುಂದೆ ನಡೆದರು. ಐದು ಮಾರ್ಕ್ಸ್. ಗಾಜಿನ ಪೆಟ್ಟಿಗೆ ಈ ವರ್ಷವೂ ಬೇರೆ ಯಾರಿಗೋ.

 ಇಂಚು ಹಿಂತಿರುಗಿ ನೋಡಿದಳು.

ಅಪ್ಪ ಗುಂಡನನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದರು. ಸುತ್ತ ಜನ ಕಿಕ್ಕಿರಿದಿದ್ದರು, ಯಾರೋ ಫೋಟೋ ತೆಗೆಯುತ್ತಿದ್ದರು. ಅಪ್ಪನ ಬಲಗೈ ಜೇಬಿನಲ್ಲಿರಲಿಲ್ಲ. ಮೊಂಡು ಹೆಬ್ಬೆರಳನ್ನು ಟ್ರಕ್ಕಿನ ಬಾಗಿಲ ಕಡೆ ಚಾಚಿ ಅವರು ಗುಂಡನಿಗೆ ಏನೋ ಹೇಳುತ್ತಿದ್ದರು. ಗುಂಡ ಒಮ್ಮೆ ಬಾಗಿಲನ್ನು, ಒಮ್ಮೆ ಬೆರಳನ್ನು ನೋಡುತ್ತಿದ್ದ.

ಫ್ಲ್ಯಾಶ್ ಮಿನುಗಿತು. ಅಪ್ಪ ಕೈ ಹಿಂದೆಗೆದುಕೊಳ್ಳಲಿಲ್ಲ.

ಇಂಚು ಜೇಬಿನಲ್ಲಿದ್ದ ಉಪ್ಪುಕಾಗದದ ಚೂರನ್ನು ಮುಟ್ಟಿ ನೋಡಿದಳು. ಅದರ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಹಸಿರು ಹತ್ತಿಕೊಂಡಿತ್ತು. ಅವಳು ಅದನ್ನು ಎರಡಾಗಿ ಮಡಿಸಿ, ಅಪ್ಪನ ಪಕ್ಕಕ್ಕೆ ಹೋಗಿ, ಆ ಬಲಗೈಯನ್ನು ಹಿಡಿದುಕೊಂಡಳು.